ಇಪ್ಪತ್ತು ಮೈಲಿಗೆ ಎರಡು ದಿನ

ಮುಳಬಾಗಿಲಲ್ಲಿ ಕೋಳಿ ಕೂಗಲು ಬಾಯಿ ತೆರೆದಾಗ ಹೊರಟರೆ, ಅದು ಬಾಯಿ ಮುಚ್ಚುವುದರೊಳಗೆ ಸುಬ್ಬರಾಯಪ್ಪನ ಸೈಕಲ್ಲು ಕೋಲಾರ ಸೇರಿರುತ್ತಿತ್ತು. ಒಂದು ಸಲ ಮಾಲೂರಿನ ಹತ್ತಿರ ಮದರಾಸು ಮೇಲ್ ರೈಲಿನ ಜೊತೆ ಪಂದ್ಯ ಬಿದ್ದು, ಸ್ಟೇಷನ್ನಿಗೆ ತಾನೇ ಮೊದಲು ತಲುಪಿ, ಎರಡು ಲೋಟ ಕಾಫಿ ಕುಡಿದು, ಆಮೇಲೆ ಬಂದ ರೈಲಿಗೆ ಹಸಿರು ಬಾವುಟ ತೋರಿಸಿ ಒಳಗೆ ಬಿಟ್ಟುಕೊಂಡಿದ್ದ. ಲಕ್ಕೂರು ರಸ್ತೆಯ ಮೈಲಿಗಲ್ಲುಗಳು ಅವನು ಬರುವುದನ್ನು ಕಂಡು ಹೊಲಕ್ಕೆ ಇಳಿದು ನಿಲ್ಲುತ್ತಿದ್ದವು. ಇದಕ್ಕೆಲ್ಲ ಸಾಕ್ಷಿ ಯಾರೆಂದರೆ ಸುಬ್ಬರಾಯಪ್ಪನೇ. ನಂಬದವರಿಗೆ ಎರಡನೆಯ ಸಲ ಹೇಳುವಾಗ ಆ ರೈಲಿಗೆ ಇನ್ನೂ ನಾಲ್ಕು ಡಬ್ಬಿ ಸೇರಿಕೊಳ್ಳುತ್ತಿದ್ದವು.

ಅವನು ಶ್ರೀನಿವಾಸಪುರದಲ್ಲಿ ಠಾಣ್ಯ ಹೂಡಿ, ಹಳ್ಳಿ ಹಳ್ಳಿ ತಿರುಗಿ ಮಕ್ಕಳ ತೋಳಿಗೆ ಸಿಡುಬಿನ ದಾಕು ಹಾಕುವ ಸರ್ಕಾರಿ ನೌಕರ. ಸಾವಿರದ ಒಂಬೈನೂರ ಮೂವತ್ತೆರಡರಲ್ಲಿ ಆ ಕೆಲಸಕ್ಕೆ ಕರೆದಾಗ ಸ್ವಂತ ಬೈಸಿಕಲ್ ಇದ್ದವರೇ ಅರ್ಜಿ ಹಾಕಬೇಕೆಂದಿತ್ತು. ಹೆಂಡತಿ ಶಾಮಲಮ್ಮನ ಕೊರಳ ಅಡ್ಡಿಕೆ ಮಾರಿ ಸೈಕಲ್ಲು ಕೊಂಡು, ತನಗೆ ನಡಿಗೆ ಬರುವುದಕ್ಕಿಂತ ಮುಂಚೆ ಸೈಕಲ್ಲೇ ಬಂದಿತ್ತೆಂದು ಅರ್ಜಿಯಲ್ಲಿ ಬರೆದಿದ್ದ. ಕೆಲಸ ಸಿಕ್ಕಿತು. ಆರು ವರ್ಷದಿಂದ ದಾಕಿನ ಪೆಟ್ಟಿಗೆ ಕ್ಯಾರಿಯರಿನ ಮೇಲೆ, ಸೈಕಲ್ಲು ಅವನ ಪಕ್ಕದಲ್ಲಿ.

ಪಕ್ಕದಲ್ಲಿ ಎಂದರೆ, ಅವನಲ್ಲಿ ಅಷ್ಟು ವಿನಯವಿತ್ತು. ಊರೊಳಗೆ ಸವಾರಿ ಮಾಡಿಕೊಂಡು ಬಂದರೆ ಕಟ್ಟೆಯ ಮೇಲೆ ಕೂತ ಹಿರಿಯರಿಗೆ ಅಗೌರವವೆಂದು ಎಲ್ಲೆಯಲ್ಲೇ ಇಳಿದು ತಳ್ಳಿಕೊಂಡು ಬರುತ್ತಿದ್ದ. ಬೇರೆ ಅಧಿಕಾರಿಗಳು ಗಂಟೆ ಬಾರಿಸಿ ದನ ಬೆದರಿಸುತ್ತ ನುಗ್ಗುವ ಕಾಲದಲ್ಲಿ ಇವನ ನಡತೆ ಜನಕ್ಕೆ ಬಹಳ ಹಿಡಿಸಿತ್ತು. ರಾಯಲ್ಪಾಡಿನ ಪಟೇಲ ಚಿಕ್ಕವೆಂಕಟಪ್ಪನಂತೂ ಮಾವಿನ ಕಾಲದಲ್ಲಿ ಒಂದು ಬುಟ್ಟಿ ಹಣ್ಣನ್ನು ಅವನ ಹೆಸರಿಗೆಂದೇ ಎತ್ತಿಡುತ್ತಿದ್ದ.

ಮೂವತ್ತೆಂಟರ ಬೇಸಿಗೆಯಲ್ಲಿ ಈ ಸುಖಕ್ಕೆ ಕಲ್ಲು ಬಿತ್ತು. ಕೋಲಾರದ ಕಚೇರಿಗೆ ಅಶ್ವತ್ಥಪ್ಪ ಎಂಬ ಹೊಸ ಹೆಡ್ ಗುಮಾಸ್ತ ಬಂದ. ಸಂಚಾರದ ಭತ್ಯದ ನಿಯಮಗಳನ್ನು ಆತ ಊಟದ ಜೊತೆ ನೆಂಚಿಕೊಳ್ಳುತ್ತಿದ್ದನೆಂದು ಕಾಣುತ್ತದೆ. ಸುಬ್ಬರಾಯಪ್ಪನ ಹಳೆಯ ಬಿಲ್ಲುಗಳನ್ನೆಲ್ಲ ಹೊರಗೆಳೆದು ಒಂದು ಮೆಮೊ ಕಳಿಸಿದ. ಶ್ರೀನಿವಾಸಪುರದಿಂದ ರಾಯಲ್ಪಾಡಿಗೆ ಹೆಚ್ಚು ಕಡಿಮೆ ಇಪ್ಪತ್ತು ಮೈಲಿ. ಬೈಸಿಕಲ್ ಇರುವ ನೌಕರ ದಿನಕ್ಕೆ ಮೂವತ್ತು ಮೈಲಿ ಹೋಗಬೇಕೆಂಬುದು ನಿಯಮ. ಹೀಗಿರುವಾಗ ಹೋಗಲು ಎರಡು ದಿನ, ಬರಲು ಎರಡು ದಿನ, ನಡುದಾರಿಯಲ್ಲಿ ರಾತ್ರಿ ತಂಗಿದ್ದಕ್ಕೆ ಭತ್ಯ, ಇದು ಹೇಗೆ?

ಸುಬ್ಬರಾಯಪ್ಪ ತಪ್ಪನ್ನು ಎದುರುಗಾಳಿಯ ಮೇಲೆ ಹಾಕಿದ. ಒಂದು ಮೈಲಿ ಮುಂದಕ್ಕೆ ತುಳಿದರೆ ಗಾಳಿ ಮುಕ್ಕಾಲು ಮೈಲಿ ಹಿಂದಕ್ಕೆ ನೂಕುತ್ತದೆ ಎಂದು ಎರಡು ಪುಟ ಬರೆದ. ಹೋಗುವಾಗ ಎದುರುಗಾಳಿಯಾದರೆ ಬರುವಾಗ ಅದೇ ಗಾಳಿ ಬೆನ್ನಿಗಿರಬೇಕಲ್ಲವೇ ಎಂದು ಮರುವಾರವೇ ಮೆಮೊ ಬಂತು. ಗಾಳಿ ಕೈಕೊಟ್ಟಿತೆಂದು ಚಿರತೆಯನ್ನು ಕರೆತಂದ. ಚಿರತೆ ಕಂಡ ತಾರೀಖು, ಜಾಗ, ಅರಣ್ಯ ಇಲಾಖೆಗೆ ತಿಳಿಸಿದ ಕಾಗದದ ನಂಬರು ಕೊಡಿ, ಆರು ವರ್ಷದ ನಲವತ್ತೆಂಟು ಸಂಚಾರಗಳಲ್ಲೂ ಅಡ್ಡ ಬಂದದ್ದು ಒಂದೇ ಚಿರತೆಯೋ ಬೇರೆ ಬೇರೆಯೋ ಎಂದು ಕೇಳಿದರು. ಅವನು ಗೇಣುದ್ದದ ಜಾಲಿಮುಳ್ಳಿನ ಕಥೆ ಬರೆದ. ಪಂಕ್ಚರು ಹಾಕಿಸಿದ ರಸೀತಿಗಳು ಎಲ್ಲಿ ಎಂದು ಬಂತು.

ಒಂದೊಂದು ಉತ್ತರದ ಹೊಟ್ಟೆಯಿಂದ ನಾಲ್ಕು ನಾಲ್ಕು ಪ್ರಶ್ನೆ ಹುಟ್ಟುತ್ತಿದ್ದವು. ಆ ಮೆಮೊಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಅಂತರಗಂಗೆ ಬೆಟ್ಟ ಅವುಗಳ ನೆರಳಲ್ಲಿ ಕೂತಿರುತ್ತಿತ್ತು. ಅವನಿಗೆ ಅನ್ನ ಸೇರದಾಯಿತು. ನಿಜವಾಗಿಯೂ ಹೋಗಿದ್ದಾನೆ, ನಿಜವಾಗಿಯೂ ಎರಡು ದಿನ ಹಿಡಿದಿದೆ, ನಡುದಾರಿಯಲ್ಲಿ ನಿಜವಾಗಿಯೂ ಚಾವಡಿಯ ನೆಲದ ಮೇಲೆ ಸೊಳ್ಳೆ ಕಚ್ಚಿಸಿಕೊಂಡು ಮಲಗಿದ್ದಾನೆ. ಹುಟ್ಟಿದಾಗಿನಿಂದ ಊರಿಗೆಲ್ಲ ಸುಳ್ಳು ಹೇಳಿ ದಕ್ಕಿಸಿಕೊಂಡವನು ಆ ಬಿಲ್ಲಿನಲ್ಲಿ ಮಾತ್ರ ಅಪ್ಪಟ ಸತ್ಯ ಬರೆದಿದ್ದ. ಅದನ್ನೇ ಒಪ್ಪುವವರಿಲ್ಲ.

ಕೊನೆಯ ಮೆಮೊ ಚಿಕ್ಕದಾಗಿತ್ತು. ತಿಂಗಳ ಕೊನೆಯ ಶನಿವಾರ ಖುದ್ದಾಗಿ ಕೋಲಾರದ ಕಚೇರಿಯ ಸಾಹೇಬರ ಮುಂದೆ ಹಾಜರಾಗಬೇಕು. ತಂಗಿದ ಹಳ್ಳಿಗಳ ಪಟೇಲರು ತಮ್ಮ ಸರ್ಟಿಫಿಕೇಟುಗಳನ್ನು ನೇರವಾಗಿ ಕೋಲಾರಕ್ಕೆ ಟಪಾಲಿನಲ್ಲಿ ಕಳಿಸಬೇಕು. ಸಮಾಧಾನವಾಗದಿದ್ದರೆ ಸುಳ್ಳು ಸಂಚಾರ ಬರೆದನೆಂದು ಕೆಲಸದಿಂದ ತೆಗೆಯಲಾಗುವುದು.

ಶಾಮಲಮ್ಮ ಅದನ್ನು ಓದಿಸಿ ಕೇಳಿದಳು. ಗಂಡನ ಚಪ್ಪಲಿಗೆ ಎಣ್ಣೆ ಸವರುತ್ತಿದ್ದಳು. ಆ ವರ್ಷಕ್ಕೆ ಅದು ಮೂರನೆಯ ಜೊತೆ. ಗೋಡೆಗೆ ಒರಗಿದ್ದ ಸೈಕಲ್ಲಿನ ಸೀಟಿನ ಚರ್ಮ ಮಾತ್ರ ಅಂಗಡಿಯಿಂದ ತಂದ ದಿನದಂತೆಯೇ ಮಿರಮಿರ ಮಿಂಚುತ್ತಿತ್ತು.

"ಇದ್ದದ್ದನ್ನ ಇದ್ದಂಗೆ ಒಂದು ಸಾಲು ಬರೆದು ಬಿಸಾಕ್ರೀ. ಕೆಲಸ ಉಳಿಯುತ್ತೆ."

"ಕೆಲಸ ಉಳಿಯುತ್ತೆ ಕಣೇ, ಮುಖ ಉಳಿಯಲ್ಲ."

"ಆ ಮುಖಕ್ಕೆ ತುತ್ತು ಹಾಕ್ತಿರೋದು ಕೆಲಸಾನೇ ಅಲ್ವಾ?"

ಸುಬ್ಬರಾಯಪ್ಪ ಸೈಕಲ್ಲನ್ನು ಗೋಡೆಯಿಂದ ಬಿಡಿಸಿಕೊಂಡ. ಪಟೇಲರನ್ನು ಕಾಣಲು ಹೊರಟ. ನಡುದಾರಿಯ ಎರಡು ಹಳ್ಳಿಗಳ ಪಟೇಲರಿಗೂ ಹೇಳಿ, ರಾಯಲ್ಪಾಡು ತಲುಪಿ, ತಾನು ಎರಡು ದಿನಕ್ಕೇ ಬರುವುದು ನಿಜವೆಂದು ಬರೆದರೆ ಸಾಕೆಂದು ಚಿಕ್ಕವೆಂಕಟಪ್ಪನ ಮುಂದೆ ಕೈಮುಗಿದ. ಇಂಥ ಸಾಧುವಿನ ಮೇಲೆ ಸಂಶಯವೇ ಎಂದು ಪಟೇಲನಿಗೆ ಕಣ್ಣು ಕೆಂಪಾಯಿತು.

"ಪರವಾಲೇದು ಸ್ವಾಮಿ. ನಿಮ್ಮ ಗುಣ ಎಂಥದು ಅಂತ ಆ ದೊರೆಗೆ ಗೊತ್ತಾಗೋ ಹಂಗೆ ಬರೀತೀನಿ. ಆ ಇಬ್ಬರ ಕೈಲೂ ಬರೆಸ್ತೀನಿ. ನೀವು ನಿಶ್ಚಿಂತೆಯಾಗಿ ಹೋಗಿ."

ಸುಬ್ಬರಾಯಪ್ಪ ನಿಶ್ಚಿಂತೆಯಾಗಿಯೇ ಮರಳಿದ. ಆ ಎರಡು ದಿನದ ದಾರಿಯಲ್ಲಿ ಅಶ್ವತ್ಥಪ್ಪನನ್ನು ಹದಿನಾರು ಬಗೆಯಲ್ಲಿ ಸೋಲಿಸಿ, ಕೊನೆಗೆ ಅವನ ಕೈಯಲ್ಲೇ ಸೈಕಲ್ಲು ಒರೆಸಿಸಿಕೊಂಡ, ಮನಸ್ಸಿನಲ್ಲಿ.

ಶನಿವಾರದ ಹಾಜರಿಗೆ ಶುಕ್ರವಾರ ಬೆಳಗಿನ ಜಾವವೇ ಶ್ರೀನಿವಾಸಪುರ ಬಿಟ್ಟ. ಕೋಲಾರದ ಕಚೇರಿಯ ಬೇವಿನ ಮರಕ್ಕೆ ಸೈಕಲ್ಲು ಒರಗಿಸಿ, ಕಾಲಿನ ಧೂಳು ತೊಳೆದು ಒಳಗೆ ಹೋದಾಗ ಸಾಹೇಬರ ಮೇಜಿನ ಮೇಲೆ ಮೂರು ಲಕೋಟೆಗಳಿದ್ದವು. ಅಶ್ವತ್ಥಪ್ಪ ಪಕ್ಕದಲ್ಲಿ ನಿಂತಿದ್ದ. ಮೆಮೊಗಳನ್ನು ಓದಿ ಏಳಡಿ ಎತ್ತರದ ರಾಕ್ಷಸನನ್ನು ಕಲ್ಪಿಸಿಕೊಂಡಿದ್ದ ಸುಬ್ಬರಾಯಪ್ಪನಿಗೆ, ನೆಗಡಿಯಿಂದ ಮೂಗು ಕೆಂಪಾದ ಒಬ್ಬ ಸಣಕಲು ಮನುಷ್ಯ ಕಂಡ.

ಸಾಹೇಬರು ಒಂದು ಲಕೋಟೆಯನ್ನು ಗುಮಾಸ್ತನ ಕೈಗೆ ಕೊಟ್ಟರು. ಅಶ್ವತ್ಥಪ್ಪ ಮೂಗೊರೆಸಿಕೊಂಡು ಓದಿದ. "ರಾಯಲ್ಪಾಡು ಪಟೇಲ ಚಿಕ್ಕವೆಂಕಟಪ್ಪನ ಅರಿಕೆ. ಸುಬ್ಬರಾಯಪ್ಪನವರು ನಮ್ಮೂರಿಗೆ ಯಾವಾಗಲೂ ಎರಡು ದಿನಕ್ಕೇ ಬಂದು ಮುಟ್ಟುವುದು ಸತ್ಯ. ಇವರಂಥ ವಿನಯಸ್ಥರನ್ನು ನಾವು ಕಂಡಿಲ್ಲ. ಹೊಲದ ಕೂಲಿಯವರಿಗೂ ಗೌರವ ಕೊಟ್ಟು ದಾರಿಯುದ್ದಕ್ಕೂ ಸೈಕಲ್ಲಿನಿಂದ ಇಳಿದೇ ನಡೆಯುತ್ತಾರೆ. ಅವರು ಅದರ ಮೇಲೆ ಕೂತದ್ದನ್ನು ಈ ಆರು ವರ್ಷದಲ್ಲಿ ನಮ್ಮ ಸೀಮೆಯವರು ಒಬ್ಬರೂ ನೋಡಿಲ್ಲ."

ಉಳಿದ ಎರಡು ಲಕೋಟೆಗಳಲ್ಲೂ ಅದೇ ಹೊಗಳಿಕೆ ಇತ್ತು. ಒಬ್ಬ ಪಟೇಲ ಇಂಥವರಿಗೆ ಬಡ್ತಿ ಕೊಡಬೇಕೆಂದೂ ಸೇರಿಸಿದ್ದ.

ಸಾಹೇಬರು ಕನ್ನಡಕ ತೆಗೆದಿಟ್ಟರು. "ಹಾಗಾದರೆ ನೀವು ಅದರ ಮೇಲೆ ಕೂರೋದು ಎಲ್ಲಿ ಸುಬ್ಬರಾಯಪ್ಪ?"

ಸುಬ್ಬರಾಯಪ್ಪನ ನಾಲಿಗೆ ಅಭ್ಯಾಸಬಲದಿಂದ ಮೇಲೆದ್ದಿತು. ಜನ ಇಲ್ಲದ ಕಡೆ ಕೂರುತ್ತೇನೆ, ಆಗ ನನ್ನ ವೇಗಕ್ಕೆ ನಾನು ಯಾರ ಕಣ್ಣಿಗೂ ಕಾಣುವುದಿಲ್ಲ ಎಂಬ ಮಾತು ತುಟಿಯವರೆಗೂ ಬಂತು. ಅಷ್ಟು ವೇಗವಾದರೆ ಎರಡು ದಿನ ಏಕೆ ಎಂಬ ಮೆಮೊ ಅಶ್ವತ್ಥಪ್ಪನ ಮುಖದ ಮೇಲೆ ಆಗಲೇ ಅಚ್ಚಾಗಿತ್ತು. ಆ ಮಾತನ್ನು ನುಂಗಿಕೊಂಡ.

"ಆರು ವರ್ಷದಲ್ಲಿ ಒಂದು ಲಕ್ಷ ಮೈಲಿ ತಳ್ಳಿದ್ದೀನಿ ಸ್ವಾಮಿ," ಎಂದ. ಸಾಹೇಬರು ಅವನನ್ನೇ ನೋಡುತ್ತಿದ್ದರು. "ಲಕ್ಷ ಆಗಿರಲ್ಲ. ಎಂಟು ಹತ್ತು ಸಾವಿರ ಆಗಿರಬಹುದು. ಆದರೆ ಒಂದು ಗಜಾನೂ ಹತ್ತಿ ಹೋಗಿಲ್ಲ."

ಅಶ್ವತ್ಥಪ್ಪ ನಿಯಮಗಳ ಪುಸ್ತಕ ತಿರುವಿದ. ಕಾಲ್ನಡಿಗೆಯವರಿಗೆ ದಿನಕ್ಕೆ ಹನ್ನೆರಡು ಮೈಲಿಯೆಂದಿತ್ತು. ಇಪ್ಪತ್ತು ಮೈಲಿಗೆ ಎರಡು ದಿನ, ನಡುವೆ ಒಂದು ರಾತ್ರಿ ತಂಗುವುದು, ಎಲ್ಲ ಕ್ರಮವಾಗಿಯೇ ಇದೆ ಎಂದ. ಅವನ ದನಿಯಲ್ಲಿ, ಕೈಗೆ ಸಿಕ್ಕ ಬೇಟೆ ತಪ್ಪಿದ ಬೇಸರವಿತ್ತು.

ಸಾಹೇಬರು ಯೋಚಿಸಿದರು. ಬಿಲ್ಲು ಪಾಸಾಗುತ್ತದೆ, ಕೆಲಸವೂ ಉಳಿಯುತ್ತದೆ, ಆದರೆ ಕಾರಣವನ್ನು ನೌಕರ ತನ್ನ ಕೈಬರಹದಲ್ಲೇ ಬರೆದುಕೊಡಬೇಕು, ಅದರ ನಕಲು ತಾಲ್ಲೂಕಿನ ಕಚೇರಿಗೂ ಹೋಗಬೇಕು ಎಂದರು.

ನಕಲು ಶ್ರೀನಿವಾಸಪುರ ಮುಟ್ಟಿದ ಮಧ್ಯಾಹ್ನವೇ ಕಟ್ಟೆಯ ಮೇಲೆ ಮಾಲೂರಿನ ರೈಲು ಹಳಿ ತಪ್ಪುತ್ತದೆಂದು ಸುಬ್ಬರಾಯಪ್ಪನಿಗೆ ಗೊತ್ತಿತ್ತು. ಪೆನ್ನು ಹಿಡಿದ. ಮೊದಲು, ಸದರಿ ಬೈಸಿಕಲ್ಲು ನನ್ನ ಭಾರವನ್ನು ತಡೆಯಲಾರದೆ, ಎಂದು ಬರೆದ. ಅಶ್ವತ್ಥಪ್ಪ ಅವನ ಒಣಕಲು ಮೈಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಮ್ಮೆ ಕೆಮ್ಮಿದ. ಸುಬ್ಬರಾಯಪ್ಪ ಆ ಸಾಲನ್ನು ಹೊಡೆದುಹಾಕಿ, ಕೆಳಗೆ ಇನ್ನೊಂದು ಸಾಲು ಬರೆದು, ಸಾಹೇಬರು ಕೇಳಿದ್ದರಿಂದ ಗಟ್ಟಿಯಾಗಿಯೇ ಓದಿದ.

"ನನಗೆ ಸೈಕಲ್ಲು ಹತ್ತಲು ಬರುವುದಿಲ್ಲ. ಒಂದು ಸಲ ಹತ್ತಿದ್ದೆ. ಬಿದ್ದೆ. ಅಂದಿನಿಂದ ಹೆದರಿಕೆ."