ಜೌಗಿನಂಚಿನ ಮೆಕ್ಕೆಜೋಳ

ಬೇಟೆಯ ಕಾಲಕ್ಕೆ ಇನ್ನೂ ಎರಡು ವಾರವಿತ್ತು. ಭಾನುವಾರ ಬೆಳಿಗ್ಗೆ ನಮ್ಮ ಕಾಡಿನ ಗಡಿ ನೋಡಿಕೊಂಡು ಬರೋಣವೆಂದು ಒಬ್ಬಳೇ ಹೊರಟವಳು ಜೌಗಿನ ಅಂಚಿಗೆ ಬಂದಾಗ ಓಕ್ ಮರಗಳ ಕೆಳಗೆ ಹಳದಿಯಾಗಿ ಏನೋ ಕಂಡಿತು. ಹತ್ತಿರ ಹೋದರೆ ಮೆಕ್ಕೆಜೋಳ. ಎರಡು ಮೂಟೆಯಷ್ಟು ಸುರಿದಿದ್ದರು. ಪಕ್ಕದಲ್ಲೇ ಒಂದು ಉಪ್ಪಿನ ಗಟ್ಟಿ. ಜಿಂಕೆಗಳು ನೆಕ್ಕಿ ನೆಕ್ಕಿ ಅದರ ನಡುವೆ ಗುಳಿ ಬಿದ್ದಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಜಿಲ್ಲೆಯಲ್ಲಿ ಜಿಂಕೆಗೆ ಮೇವು ಸುರಿಯುವುದನ್ನು ನಿಷೇಧಿಸಿ ಐದು ವರ್ಷವಾಗಿದೆ. ಜಿಂಕೆಗಳನ್ನು ಒಣಗಿಸಿ ಕೊಲ್ಲುವ ಸೊರಗುರೋಗ ವಿಸ್ಕಾನ್ಸಿನ್ನಿನ ದಕ್ಷಿಣದಿಂದ ಹಬ್ಬುತ್ತ ಹಬ್ಬುತ್ತ ನಮ್ಮಲ್ಲಿಗೂ ಬಂದಿದೆ. ಒಂದೇ ರಾಶಿಗೆ ಹತ್ತು ಜಿಂಕೆ ಬಾಯಿ ಹಾಕಿದರೆ ಒಂದರ ಜೊಲ್ಲು ಒಂಬತ್ತಕ್ಕೆ ತಗಲುತ್ತದೆ. ನಾನು ಶಾಲೆಯ ಬಸ್ಸು ಓಡಿಸುವವಳು. ಕಳೆದ ವಸಂತದಲ್ಲಿ ಒಂದು ಹೆಣ್ಣು ಜಿಂಕೆ ರಸ್ತೆಯ ನಟ್ಟನಡುವೆ ನಿಂತಿತ್ತು. ಪಕ್ಕೆಲುಬು ಎಣಿಸಬಹುದಿತ್ತು, ಬಾಯಿಂದ ಜೊಲ್ಲು ನೂಲಿನಂತೆ ಇಳಿಯುತ್ತಿತ್ತು. ಎಷ್ಟು ಹಾರ್ನ್ ಮಾಡಿದರೂ ಕದಲಲಿಲ್ಲ. ಬಸ್ಸಿನ ತುಂಬ ಇದ್ದ ಮಕ್ಕಳು ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದರು. ಅದನ್ನು ನೋಡಿದ ಮೇಲೂ ಮೇವು ಸುರಿಯುವವನಿಗೆ ಏನೆನ್ನಬೇಕು?

ಈ ನೂರರುವತ್ತು ಎಕರೆ ಮೂರು ಪಾಲಿನದು. ಒಂದು ಪಾಲು ನನ್ನದು, ಒಂದು ನನ್ನ ಅಣ್ಣ ಆರ್ಲಿನ್‌ನದು, ಇನ್ನೊಂದು ಗ್ಲೆನ್ ಸೊಬೊಟಾನದು. ನಮ್ಮಪ್ಪ ಎರಡು ಪಾಲು, ಗ್ಲೆನ್‌ನ ಅಪ್ಪ ಒಂದು ಪಾಲು ಹಣ ಹಾಕಿ ಕೊಂಡ ನೆಲ. ಪಾಲು ಮೂರಾದರೂ ಬೇಲಿಯಿಲ್ಲ. ಬೇಟೆಗೆ ಬಿಡುವ ನವೆಂಬರಿನ ಒಂಬತ್ತು ದಿನ ಎಲ್ಲರೂ ಎಲ್ಲೆಡೆ ಹೊಂಚಿ ಕೂರುತ್ತೇವೆ. ಮೇವಿಟ್ಟ ಜಾಗದಲ್ಲಿ ಕೋವಿ ಹಿಡಿದು ಕೂತವನೂ ತಪ್ಪಿತಸ್ಥನೇ, ಮೇವನ್ನು ಯಾರೇ ಇಟ್ಟಿರಲಿ. ಒಬ್ಬನ ಕಳ್ಳತನಕ್ಕೆ ಎಲ್ಲರ ಕೊರಳಿಗೂ ಉರುಳು.

ನಾನು ಏನನ್ನೂ ಮುಟ್ಟಲಿಲ್ಲ. ಫೋಟೋ ತೆಗೆದುಕೊಂಡು ಆರ್ಲಿನ್‌ಗೆ ಫೋನ್ ಮಾಡಿದೆ. ನನಗಿಂತ ಆರು ವರ್ಷ ದೊಡ್ಡವನು, ಅರುವತ್ತೇಳು. ಅಪ್ಪ ಹೋದಮೇಲೆ ಈ ಕಾಡಿಗೆ ಯಜಮಾನ ಅವನೇ. ಬೇಟೆಮನೆಯ ನಿಯಮಗಳನ್ನೆಲ್ಲ ಮಾಡಿದವನೂ ಅವನೇ. ಕುಂಟುತ್ತ ಬಂದ, ಸೊಂಟದ ಕೀಲು ಸವೆದಿದೆ. ರಾಶಿಯನ್ನು ನೋಡಿ ತಲೆ ಅಲ್ಲಾಡಿಸಿದ. ಆಮೇಲೆ ಸುತ್ತ ಕಣ್ಣಾಡಿಸಿ, "ಇಲ್ಲಿಗೆ ಹತ್ರ ಇರೋದು ಯಾರ ಅಟ್ಟಣೆ?" ಅಂದ.

ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಎಂಬತ್ತು ಹೆಜ್ಜೆ ಆಚೆ ಮರಕ್ಕೆ ಒರಗಿಸಿದ್ದ ಏಣಿಯಟ್ಟಣೆ ನೆಂಗ್‌ನದು, ನನ್ನ ಅಳಿಯನದು.

ನೆಂಗ್ ಮೂವಾ ಹ್ಮಾಂಗ್ ಜನದವನು. ಅಜ್ಜ ಲಾವೋಸಿನ ಬೆಟ್ಟಗಳಿಂದ ಯುದ್ಧ ತಪ್ಪಿಸಿಕೊಂಡು ಬಂದವರು. ಅವನು ಹುಟ್ಟಿದ್ದು ಇಲ್ಲೇ, ವಿಸ್ಕಾನ್ಸಿನ್ನಿನ ವೌಸಾ ಪಟ್ಟಣದಲ್ಲಿ. ಕಾಗದದ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಾನೆ. ಮಾತು ಕಡಿಮೆ. ಅವರಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲವಂತೆ. ನನ್ನನ್ನು ಅತ್ತೆ ಎಂದೇ ಕರೆಯುತ್ತಾನೆ. ನನ್ನ ಮಗಳು ಜನೆಲ್‌ಳನ್ನು ಮದುವೆಯಾದಮೇಲೆ ನಮ್ಮೊಂದಿಗೆ ಬೇಟೆಗೆ ಬರುತ್ತಿರುವುದು ಇದು ಮೂರನೆಯ ವರ್ಷ. ಹಿಂದಿನ ಎರಡು ವರ್ಷವೂ ಒಂದೊಂದೇ ಗುಂಡಿಗೆ ಒಂದೊಂದು ಜಿಂಕೆ ಹೊಡೆದಿದ್ದ. ಆ ಎರಡು ವರ್ಷವೂ ಆರ್ಲಿನ್ ಬರಿಗೈಯಲ್ಲಿ ಮನೆಗೆ ಹೋಗಿದ್ದ. ಇದು ಆಗ ನನಗೆ ಹೊಳೆಯಲಿಲ್ಲ.

ರಾಶಿಯನ್ನು ತಾನೇ ಬಾಚಿ ತೆಗೆಸುತ್ತೇನೆ, ಶನಿವಾರ ಎಲ್ಲರೂ ಕೂತು ಮಾತಾಡೋಣ ಎಂದ ಆರ್ಲಿನ್.

ಶನಿವಾರ ಬೇಟೆಮನೆಯಲ್ಲಿ ಸೇರಿದೆವು. ಒಲೆ ಉರಿಯುತ್ತಿತ್ತು, ಜನೆಲ್ ಆಲೂಗಡ್ಡೆ ಮತ್ತು ಮಾಂಸ ಬೇಯಿಸಿ ತಂದಿದ್ದಳು. ಯಾರೂ ತಟ್ಟೆ ಮುಟ್ಟಲಿಲ್ಲ. ಗ್ಲೆನ್ ಮೊದಲಿಂದಲೂ ಬಾಯಿಬಡುಕ. ಅವನು ನನ್ನ ಫೋಟೋಗಳನ್ನು ನೋಡಿದ, ಫೋನನ್ನು ನೆಂಗ್‌ನ ಮುಂದೆ ತಳ್ಳಿದ.

"ನಿಮ್ಮೋರಿಗೆಲ್ಲ ಇದು ಮಾಮೂಲಿ ಇರ್ಬೋದಪ್ಪ. ಆದ್ರೆ ಇಲ್ಲಿ ಕಾನೂನು ಅಂತ ಒಂದಿದೆ."

ಜನೆಲ್ ಎದ್ದೇಬಿಟ್ಟಳು. ನೆಂಗ್ ಅವಳ ಮೊಣಕೈ ಹಿಡಿದು ಕೂರಿಸಿದ. ಆ ಜೋಳ ತನ್ನದಲ್ಲ, ಅಟ್ಟಣೆ ಹತ್ತಿರವಿದೆ ಎಂಬುದೊಂದೇ ಸಾಕ್ಷಿಯಾದರೆ ಏನೂ ಹೇಳುವುದಕ್ಕಿಲ್ಲ ಎಂದು ಮೆಲ್ಲಗೆ ಹೇಳಿದ. ಹೇಳಿ ನನ್ನ ಕಡೆ ನೋಡಿದ. ಆರ್ಲಿನ್ ಕಡೆಗೂ ಅಲ್ಲ, ಗ್ಲೆನ್ ಕಡೆಗೂ ಅಲ್ಲ, ನನ್ನ ಕಡೆಗೆ.

ನಾನು ಹೇಳಿದ್ದು ಇಷ್ಟು: "ಯಾರೂ ದುಡುಕೋದು ಬೇಡ, ನೋಡೋಣ."

ಅದನ್ನು ನೆನೆದರೆ ಇವತ್ತಿಗೂ ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ.

ಆರ್ಲಿನ್ ಅಷ್ಟು ಹೊತ್ತೂ ಕಾಫಿಯ ಲೋಟ ತಿರುಗಿಸುತ್ತ ಕೂತಿದ್ದ. ಕೊನೆಗೆ ದೊಡ್ಡ ಮನುಷ್ಯನ ಹಾಗೆ ನಿಟ್ಟುಸಿರು ಬಿಟ್ಟು, ತಾನು ಯಾರ ಮೇಲೂ ಹೊರಿಸುವುದಿಲ್ಲ, ಆದರೆ ಎಲ್ಲರ ಬೇಟೆ ಪರವಾನಗಿಯ ಪ್ರಶ್ನೆ, ಆದ್ದರಿಂದ ನೆಂಗ್ ಈ ವರ್ಷ ಒಂದು ಸಲ ದೂರವಿದ್ದರೆ ಒಳ್ಳೆಯದು ಎಂದ. ಒಪ್ಪುವ ಪಾಲುದಾರರು ಕೈ ಎತ್ತಿ ಎಂದ. ಅವನೂ ಗ್ಲೆನ್ನೂ ಎತ್ತಿದರು. ನಾನು ಎತ್ತಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ನೆಂಗ್ ತನ್ನ ಬೇಟೆಯ ಕಿತ್ತಳೆ ಅಂಗಿಯನ್ನು ಗೂಟದಿಂದ ತೆಗೆದು ಮಡಚಿಕೊಂಡು ಹೊರಗೆ ನಡೆದ. ಕಾರಿನ ಹತ್ತಿರ ಜನೆಲ್ ನನ್ನನ್ನು ತಡೆದು ನಿಲ್ಲಿಸಿದಳು. ಕಣ್ಣಲ್ಲಿ ನೀರಿರಲಿಲ್ಲ, ಕೆಂಡವಿತ್ತು.

"ಅಮ್ಮ, ಬೇಡ ಅನ್ನೋ ಒಂದು ಮಾತಿಗೆ ಎಷ್ಟು ಉಸಿರು ಬೇಕಿತ್ತು ನಿಂಗೆ?"

ಮಂಗಳವಾರ ಬೆಳಗಿನ ಬಸ್ಸು ಮುಗಿಸಿ ಜೌಗಿನ ಕಡೆ ಹೋದೆ. ರಾಶಿ ಬಾಚಿದ್ದಾರೋ ಇಲ್ಲವೋ ನೋಡಬೇಕಿತ್ತು. ಬಾಚಿದ್ದರು. ಬಾಚಿದ ಜಾಗದ ಮೇಲೆಯೇ ಹೊಸ ಜೋಳ ಸುರಿದಿದ್ದರು. ಕಾಳಿನ ಮೇಲೆ ಇಬ್ಬನಿ ಕೂಡ ಕೂತಿರಲಿಲ್ಲ. ನೆಂಗ್ ಆ ಹೊತ್ತಿಗೆ ಐವತ್ತು ಮೈಲಿ ದೂರದಲ್ಲಿ ಯಂತ್ರದೊಳಗೆ ತಲೆ ತೂರಿಸಿದ್ದ. ನಾನು ಅಲ್ಲೇ ನಿಂತು, ಜೋಳ ಸುರಿದವನು ಎಲ್ಲಿ ಕೂರಬೇಕೆಂದು ಸುರಿದಿರಬಹುದು ಎಂದು ನಾಲ್ಕೂ ದಿಕ್ಕಿಗೆ ತಿರುಗಿ ನೋಡಿದೆ. ನೆಂಗ್‌ನ ಅಟ್ಟಣೆಗೂ ರಾಶಿಗೂ ನಡುವೆ ದಟ್ಟ ಪೊದೆ. ಅಲ್ಲಿಂದ ಗುಂಡು ಹಾರಿಸುವುದಿರಲಿ, ರಾಶಿ ಕಾಣುವುದೇ ಇಲ್ಲ. ಎದುರು ದಿಕ್ಕಿನಲ್ಲಿ ಜೌಗಿನ ಮರಗಳ ಕೆಳಕೊಂಬೆಗಳನ್ನು ಕಡಿದು ಒಂದು ನೇರವಾದ ಓಣಿ ಮಾಡಿದ್ದರು. ಓಣಿಯ ತುದಿಯಲ್ಲಿ, ಹುಲ್ಲು ಹೊದಿಸಿದ ಹಲಗೆಯ ಗೂಡು. ನೆಲದ ಮೇಲೆಯೇ ಕುರ್ಚಿ ಹಾಕಿ ಕೂರುವಂಥದು. ಏಣಿ ಹತ್ತಲಾರದವನು ಕಟ್ಟಿಕೊಳ್ಳುವಂಥದು.

ಬಸ್ಸಿನ ಮೆಕ್ಯಾನಿಕ್‌ನಿಂದ, ಎದುರಿಗೆ ಏನಾದರೂ ಸುಳಿದರೆ ತಾನೇ ಚಿತ್ರ ತೆಗೆಯುವ ಒಂದು ಕಾಡಿನ ಕ್ಯಾಮೆರಾ ಎರವಲು ತಂದು, ಅಂದೇ ಮಧ್ಯಾಹ್ನ ಮರಕ್ಕೆ ಕಟ್ಟಿದೆ. ಅನುಮಾನ ಅಣ್ಣನ ಮೇಲೆಯೇ. ತಪ್ಪಾಗಿರಲಿ ದೇವರೇ ಎಂದು ಬೇಡಿಕೊಂಡೆ.

ಗುರುವಾರ ಚಿತ್ರಗಳನ್ನು ನೋಡಿದೆ. ಬುಧವಾರ ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷ. ಆರ್ಲಿನ್ ಕಾಡಿನಲ್ಲಿ ಓಡಿಸುವ ತನ್ನ ಪುಟ್ಟ ಮೋಟಾರು ಬಂಡಿಯಿಂದ ಮೂಟೆ ಇಳಿಸುತ್ತಿದ್ದಾನೆ. ಮುಂದಿನದರಲ್ಲಿ ಸುರಿಯುತ್ತಿದ್ದಾನೆ. ಅದರ ಮುಂದಿನದರಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾನೆ, ತುಟಿ ಮುಂದೆ ಚಾಚಿದೆ. ಸಿಳ್ಳೆ ಹಾಕುತ್ತಿದ್ದ. ನನ್ನ ಅಳಿಯನನ್ನು ಹೊರಗೆ ಹಾಕಿ ನಾಲ್ಕು ದಿನವಾಗಿತ್ತು, ಇವನು ಸಿಳ್ಳೆ ಹಾಕುತ್ತಿದ್ದ.

ನೇರವಾಗಿ ಅವನ ಶೆಡ್ಡಿಗೆ ಹೋದೆ. ಕೋವಿ ಒರೆಸುತ್ತಿದ್ದ. ಚಿತ್ರವನ್ನು ಅವನ ಮುಖಕ್ಕೆ ಹಿಡಿದೆ. ನೋಡಿದ. ಸುಳ್ಳು ಹೇಳಲಿಲ್ಲ, ಅಷ್ಟು ಮಾತ್ರ ಒಪ್ಪಬೇಕು. ಸೊಂಟ ಹೋಗಿದೆ, ಮರ ಹತ್ತಲಾಗುವುದಿಲ್ಲ, ಜಿಂಕೆಯ ಹಿಂದೆ ಅಲೆಯಲಾಗುವುದಿಲ್ಲ, ಮೂವತ್ತಾರು ವರ್ಷ ಒಂದು ಸಲವೂ ಬರಿಗೈಯಲ್ಲಿ ಬಂದವನಲ್ಲ, ಈಗ ಎರಡು ವರ್ಷದಿಂದ ಊರೆಲ್ಲ ಕೇಳುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿದ. ಇನ್ನೊಂದು ಬೇಟೆ, ಅಷ್ಟೇ ತನಗೆ ಬೇಕಾಗಿದ್ದುದು ಎಂದ.

"ಜೋಳದ ಮಾತು ಆಮೇಲೆ," ಅಂದೆ. "ಶನಿವಾರ ಆ ಹುಡುಗನ್ನ ಮಧ್ಯೆ ಕೂರಿಸಿ ಉಗಿಸಿದ್ಯಲ್ಲ, ಅದಕ್ಕೇನು ಹೇಳ್ತೀಯ?"

"ನಾನು ಅವನ ಮೇಲೆ ಹೊರಿಸ್ಲೇ ಇಲ್ಲ, ವರ್ನಾ."

"ಹೊರಿಸ್ಲಿಲ್ಲ. ಗ್ಲೆನ್ ಹೊರಿಸೋಕೆ ಬಿಟ್ಟೆ. ಹತ್ರ ಇರೋದು ಯಾರ ಅಟ್ಟಣೆ ಅಂತ ನನ್ನ ತಲೆಗೆ ತುರುಕಿದೋನು ನೀನೇ."

"ನೀನೂ ಸುಮ್ನೆ ಕೂತಿದ್ದೆ ತಾನೆ?"

ಅವನು ಹೇಳಿದ್ದು ನಿಜವಾಗಿತ್ತು, ನಿಜವಾದ್ದರಿಂದಲೇ ಸಿಟ್ಟು ನೆತ್ತಿಗೇರಿತು. ಈಗಲೇ, ನನ್ನೆದುರಿಗೇ ನೆಂಗ್‌ಗೆ ಫೋನ್ ಮಾಡು, ಆಮೇಲೆ ಗ್ಲೆನ್‌ಗೆ ಮಾಡು ಎಂದೆ. ಕೋವಿಯ ನಳಿಗೆಯೊಳಗೆ ಬಟ್ಟೆ ತೂರಿಸುತ್ತ, "ಸೀಸನ್ ಒಂದು ಮುಗೀಲಿ. ನಾನೇ ಎಲ್ರಿಗೂ ಹೇಳ್ತೀನಿ," ಅಂದ.

ಸೀಸನ್ ಮುಗಿಯಲಿ. ಅಂದರೆ ಆ ರಾಶಿಯ ಮೇಲೆ ಒಂದು ಜಿಂಕೆ ಹೊಡೆದು, ತೂಗುಹಾಕಿ ಫೋಟೋ ತೆಗೆಸಿಕೊಂಡು, ಆಮೇಲೆ ದೊಡ್ಡ ಮನಸ್ಸು ಮಾಡುತ್ತಾನೆ.

ಅವನ ಅಂಗಳದಲ್ಲೇ ನಿಂತು ವನ್ಯಜೀವಿ ಅಧಿಕಾರಿಗಳ ದೂರಿನ ನಂಬರಿಗೆ ಫೋನ್ ಮಾಡಿದೆ. ಹೆಸರು ಹೇಳಲೇಬೇಕೆಂದಿಲ್ಲ ಎಂದರು. ಹೇಳಿದೆ. ನನ್ನ ಹೆಸರು, ಅಣ್ಣನ ಹೆಸರು, ಎರಡನ್ನೂ ಅಕ್ಷರ ಬಿಡಿಸಿ ಹೇಳಿದೆ. ಅವನು ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ.

ಶುಕ್ರವಾರ ಬಂದ ವನ್ಯಜೀವಿ ವಾರ್ಡನ್ ಒಬ್ಬಳು ಹೆಂಗಸು, ಮೂವತ್ತು ಇರಬಹುದು. ರಾಶಿ ನೋಡಿದಳು, ಗೂಡು ನೋಡಿದಳು, ಓಣಿಯ ಉದ್ದ ಅಳೆದಳು. ಆರ್ಲಿನ್ ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ. ದಂಡದ ಚೀಟಿ ಬರೆದಳು. ಜೋಳವನ್ನೆಲ್ಲ ತೆಗೆದ ಮೇಲೂ ಹತ್ತು ದಿನ ಆ ಜಾಗದಲ್ಲಿ ಯಾರೂ ಬೇಟೆಯಾಡುವಂತಿಲ್ಲ ಎಂದಳು. ಒಂಬತ್ತು ದಿನದ ಬೇಟೆಗೆ ಹತ್ತು ದಿನದ ತಡೆ. ಆಮೇಲೆ ನ್ಯಾಯಾಲಯದಲ್ಲಿ ಅವನ ಪರವಾನಗಿಯೂ ಹೋಯಿತು.

ಸಂಜೆ ಗ್ಲೆನ್ ಫೋನ್ ಮಾಡಿ ಕೂಗಾಡಿದ. ಒಡಹುಟ್ಟಿದವನನ್ನು ಹಿಡಿದುಕೊಟ್ಟೆಯಲ್ಲ, ಮನೆಯೊಳಗಿನದನ್ನು ಮನೆಯೊಳಗೇ ಮುಗಿಸಬಹುದಿತ್ತು ಎಂದ. "ಮನೆಯೊಳಗೆ ಮುಗಿಸಿದ್ವಲ್ಲ ಗ್ಲೆನ್, ಶನಿವಾರ," ಅಂದೆ. "ನೆಂಗ್‌ನ ಕುತ್ತಿಗೆ ಮೇಲೆ ಕೂತು ಮುಗಿಸಿದ್ವಿ." ಅವನು ಫೋನ್ ಇಟ್ಟ.

ಬೇಟೆ ಶುರುವಾಗುವ ಶನಿವಾರ ನಾನು ಕೋವಿ ಮುಟ್ಟದೆ ವೌಸಾಕ್ಕೆ ಹೋದೆ. ನೆಂಗ್ ಸೋದರಮಾವಂದಿರ ಜೊತೆ ಸರ್ಕಾರಿ ಕಾಡಿಗೆ ಹೋಗಿದ್ದ. ಮಧ್ಯಾಹ್ನದವರೆಗೆ ಕಾದೆ. ಜನೆಲ್ ಒಳಗೆ ಕರೆದು ಕೂರಿಸಿ, ತಾನು ಅಡಿಗೆಮನೆಗೆ ಹೋದಳು. ಅವನು ಬಂದಮೇಲೆ ಕೈಕಾಲು ತೊಳೆದು ಎದುರು ಕೂತ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟು ಇಷ್ಟೇ ಹೇಳಿದೆ.

"ತಪ್ಪು ಮಾಡ್ದೆ ನೆಂಗ್. ಗೊತ್ತಿಲ್ದೆ ಅಲ್ಲ, ಹೆದರಿ. ಅಣ್ಣನ ಎದುರು ಬಾಯಿ ಬರ್ಲಿಲ್ಲ."

"ಜೋಳ ಯಾರದು ಅಂತ ನಂಗೆ ಮೊದ್ಲೇ ಗೊತ್ತಿತ್ತು ಅತ್ತೆ. ಅಕ್ಟೋಬರ್‌ನಲ್ಲೇ ಆ ಗೂಡು ನೋಡಿದ್ದೆ. ಬಂಡಿ ಚಕ್ರದ ಗುರುತೂ ನೋಡಿದ್ದೆ."

"ಮತ್ತೆ ಯಾಕಪ್ಪ ಹೇಳ್ಲಿಲ್ಲ ಅವತ್ತು?"

"ಹೇಳಿದ್ರೆ ನೀವು ನಂಬ್ತಿದ್ರಾ?"

ಕೊಂಕಿನಿಂದ ಕೇಳಿದ್ದಲ್ಲ ಅವನು. ತಿಳಿದುಕೊಳ್ಳಲೆಂದೇ ಕೇಳಿದ. ನಂಬುತ್ತಿದ್ದೆ ಎನ್ನಲು ಬಾಯಿ ತೆರೆದೆ, ಸುಳ್ಳಾಡಲಾಗಲಿಲ್ಲ, ಮುಚ್ಚಿದೆ. ಅವನು ಎದ್ದು ಅಡಿಗೆಮನೆಗೆ ಹೋಗಿ ಅಂಟನ್ನವನ್ನೂ ಸಾಸಿವೆಸೊಪ್ಪು ಹಾಕಿ ಬೇಯಿಸಿದ ಹಂದಿಮಾಂಸವನ್ನೂ ತಂದು ಮುಂದಿಟ್ಟು, ಊಟ ಮಾಡಿಕೊಂಡು ಹೋಗಿ ಎಂದ. ಬೈದಿದ್ದರೆ ಸಹಿಸಬಹುದಿತ್ತು.

ಮಾರ್ಚಿನಲ್ಲಿ ವಕೀಲರ ಮೂಲಕ ನನ್ನ ಪಾಲನ್ನು ಬಿಡಿಸಿಕೊಂಡೆ. ಜೌಗಿನ ಅಂಚಿನಿಂದ ಪೂರ್ವಕ್ಕೆ ಐವತ್ಮೂರು ಎಕರೆ ಈಗ ಬೇರೆ. ಅಪ್ಪನ ನೆಲ ಒಡೆದಳು ಎಂದು ಊರು ಆಡಿಕೊಂಡಿತು, ಆಡಿಕೊಳ್ಳಲಿ. ಆರ್ಲಿನ್‌ಗೆ ಸೊಂಟದ ಆಪರೇಷನ್ ಆಯಿತೆಂದು ಅಂಗಡಿಯವಳಿಂದ ತಿಳಿಯಿತು. ಇವತ್ತಿನವರೆಗೂ ನೆಂಗ್‌ಗೆ ಒಂದು ಫೋನ್ ಮಾಡಿಲ್ಲ ಅವನು. ಗ್ಲೆನ್ ಮೊನ್ನೆ ಪೆಟ್ರೋಲು ಹಾಕಿಸುವ ಕಡೆ ಸಿಕ್ಕಿ, ಆದದ್ದಾಯಿತು, ನಿನ್ನ ಅಳಿಯನಿಗೆ ಮತ್ತೆ ಬರಲು ಹೇಳು ಎಂದ. ಅವನ ಮನೆ ವೌಸಾದಲ್ಲಿ ಚರ್ಚಿನ ಹಿಂದೆ, ನೀಲಿ ಬಾಗಿಲು, ನೀನೇ ಹೋಗಿ ಹೇಳು ಎಂದೆ. ಗ್ಲೆನ್ ಹೋಗಿಲ್ಲ, ಹೋಗುವುದೂ ಇಲ್ಲ.

ನೆಲವನ್ನು ಜನೆಲ್ ಮತ್ತು ನೆಂಗ್ ಇಬ್ಬರ ಹೆಸರಿಗೆ ಬರೆದುಕೊಡುತ್ತೇನೆ ಎಂದೆ. ಯೋಚಿಸುತ್ತೇನೆ ಎಂದಿದ್ದಾನೆ ನೆಂಗ್. ನಾನು ಮತ್ತೆ ಕೇಳಿಲ್ಲ. ಈ ನವೆಂಬರಿನಲ್ಲಿ ಅಲ್ಲಿ ಯಾರಾದರೂ ಕೂರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.