ಇಬ್ಬರು ಮಿಸೆಸ್ ರುಡೀನ್

ನನ್ನದೊಂದು ಸಣ್ಣ ಚಿಂತೆ. ಡೈರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಮೂವತ್ತೆಂಟು ಪುಟಗಳನ್ನು ಒಂದು ತಪ್ಪೂ ಇಲ್ಲದೆ ಟೈಪ್ ಮಾಡಿದ ನನ್ನ ಬೆರಳುಗಳು ಮೂವತ್ತೊಂಬತ್ತನೆಯ ಪುಟದಲ್ಲಿ, ಸೌತೆಕಾಯಿ ಉಪ್ಪಿನಕಾಯಿಯ ಕೆಳಗೆ, ನಿಂತುಬಿಟ್ಟಿವೆ. ಅಲ್ಲಿ ಬರಬೇಕಾದದ್ದು ನನ್ನ ಹೆಸರು.

ಈ ೧೯೭೩ರ ಆಗಸ್ಟಿಗೆ ನಮ್ಮ ಚರ್ಚಿಗೆ ನೂರು ವರ್ಷ ತುಂಬುತ್ತದೆ. ಅದಕ್ಕೆಂದು ಹೆಂಗಸರ ಸಂಘದವರು ಅಡುಗೆ ಪುಸ್ತಕ ತರುತ್ತಿದ್ದಾರೆ. ಮಿನೆಸೋಟದ ಈ ಪುಟ್ಟ ಊರಿನಲ್ಲಿ ಇಂಗ್ಲಿಷ್ ಬಿ.ಎ. ಮಾಡಿ ಸುಮ್ಮನೆ ಕುಳಿತವಳು ನಾನೊಬ್ಬಳೇ ಆದ್ದರಿಂದ ಟೈಪಿಂಗ್ ನನ್ನ ಪಾಲಿಗೆ ಬಂತು. ನನಗೇನೂ ಬೇಸರವಿಲ್ಲ. ಟೈಪ್ ಮಾಡುವವಳನ್ನು ಯಾರೂ ಮಾತಿಗೆಳೆಯುವುದಿಲ್ಲ.

ಪ್ರತಿ ಅಡುಗೆಯ ಕೆಳಗೂ ಅದನ್ನು ಕೊಟ್ಟವರ ಹೆಸರಿದೆ. ಹೆಸರೆಂದರೆ ಗಂಡನ ಹೆಸರು: ಮಿಸೆಸ್ ಮಿಲ್ಟನ್ ಹೋವ್ಲ್ಯಾಂಡ್, ಮಿಸೆಸ್ ಕ್ಲಾರೆನ್ಸ್ ಯೋರ್ಡೆ, ಮಿಸೆಸ್ ಆಲ್ವಿನ್ ರುಡೀನ್. ಪುಟ ತಿರುವಿದರೆ ಊರಿನ ಗಂಡಸರೆಲ್ಲ ಏಪ್ರನ್ ಕಟ್ಟಿಕೊಂಡು ಸಾಲಾಗಿ ನಿಂತು ಕೇಕು ಬೇಯಿಸುತ್ತಿರುವಂತೆ ಕಾಣುತ್ತದೆ. ಅವರಲ್ಲಿ ಒಬ್ಬರಿಗೂ ನೆಟ್ಟಗೆ ಮೊಟ್ಟೆ ಒಡೆಯಲು ಬರುವುದಿಲ್ಲ.

ಸಂಘದ ಅಧ್ಯಕ್ಷೆ ಮಿಸೆಸ್ ಮಿಲ್ಟನ್ ಹೋವ್ಲ್ಯಾಂಡ್ ನನಗೆ ಅತ್ತೆಯಾಗುವವರು. ಜೂನಿನಲ್ಲಿ ಅವರ ಮಗ ಡ್ವೇನ್‌ನೊಡನೆ ನನ್ನ ಮದುವೆ. ಹೋದ ವಾರ ಅವರು, "ಪುಸ್ತಕ ಬರೋದು ಆಗಸ್ಟಿಗೆ ಅಲ್ವೇನಮ್ಮ? ಅಷ್ಟೊತ್ತಿಗೆ ನೀನು ನಮ್ಮವಳಾಗಿರ್ತೀಯ. ಮಿಸೆಸ್ ಡ್ವೇನ್ ಹೋವ್ಲ್ಯಾಂಡ್ ಅಂತಲೇ ಹಾಕ್ಕೊಂಡ್ಬಿಡು" ಎಂದಿದ್ದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಡ್ವೇನ್ ಒಳ್ಳೆಯವನು. ಮಾತಿಲ್ಲದೆ ಒಂದು ಗಂಟೆ ಪಕ್ಕದಲ್ಲಿ ಕುಳಿತರೂ ಮುಜುಗರವಾಗದ ಹುಡುಗ. ಅವನನ್ನು ಮದುವೆಯಾಗುವುದರ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಅಜ್ಜಿ ನನಗೆ ಕಲಿಸಿಕೊಟ್ಟ ಉಪ್ಪಿನಕಾಯಿಯ ಕೆಳಗೆ ಅವನ ಹೆಸರು? ಡೈರಿಯಲ್ಲಿ ಹತ್ತು ಸಲ ಬರೆದು ನೋಡಿದೆ. ದಪ್ಪ ಕೋಟು ಹಾಕಿಕೊಂಡ ಯಾರೋ ಹೆಂಗಸು ನನ್ನ ಮನೆಯ ಬಾಗಿಲಲ್ಲೇ ನಿಂತು, 'ಯಾರು ಬೇಕಿತ್ತು?' ಎಂದು ನನ್ನನ್ನು ಕೇಳಿದಂತಾಯಿತು.

ಗುರುವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ತಿದ್ದುವ ಕೆಲಸಕ್ಕೆ ಕುಳಿತೆವು. ಎಂಬತ್ತೊಂದರ ಮಿಸೆಸ್ ಯೋರ್ಡೆ ನಮ್ಮ ಕಡೆಯ ರೂಢಿಯಂತೆ ಕಾಫಿಪುಡಿಗೆ ಮೊಟ್ಟೆ ಒಡೆದು ಕಲಸಿ ದೊಡ್ಡ ಪಾತ್ರೆಯಲ್ಲಿ ಕುದಿಸುತ್ತಿದ್ದರು. ಮಿಸೆಸ್ ಹೋವ್ಲ್ಯಾಂಡ್ ಕನ್ನಡಕ ಏರಿಸಿಕೊಂಡು ಮೇಜಿನ ತಲೆಯಲ್ಲಿ ಕುಳಿತಿದ್ದರು. ದುಂಡಗಿನ, ನಗುಮುಖದ ಮಿಸೆಸ್ ರುಡೀನ್ ನನ್ನ ಎದುರಿಗಿದ್ದರು. ಕೆಂಪು ದಂಟಿನ ಹುಳಿ ರೂಬಾರ್ಬ್ ತುಂಬಿ ಬೇಯಿಸುವ ಅವರ ಪೈಗೆ ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರು. ಸಂಘದ ೧೯೪೮ರ ಹಳೆಯ ಅಡುಗೆ ಪುಸ್ತಕದಲ್ಲಿದ್ದ ಅದರ ವಿಧಾನವನ್ನೇ ಅಧ್ಯಕ್ಷೆಯ ಅಪ್ಪಣೆಯಂತೆ ಹೊಸದಕ್ಕೂ ತೆಗೆದುಕೊಂಡಿದ್ದೆವು.

ಅದರಲ್ಲಿ ನನಗೊಂದು ಸಂಶಯವಿತ್ತು. ಕೇಳಲೋ ಬೇಡವೋ ಎಂದು ಅರ್ಧ ಗಂಟೆ ಒದ್ದಾಡಿ, ಕೊನೆಗೆ ಕೇಳಿದೆ.

"ಮಿಸೆಸ್ ರುಡೀನ್, ನಿಮ್ಮ ಪೈಗೆ 'ಅಕ್ರೋಟಿನಷ್ಟು ಬೆಣ್ಣೆ' ಅಂತಿದೆ. ಚಮಚದ ಲೆಕ್ಕದಲ್ಲಿ ಎಷ್ಟು ಅಂತ ಹಾಕ್ಲಿ?"

ಅವರ ಮುಖ ರೂಬಾರ್ಬ್ ದಂಟಿನ ಬಣ್ಣಕ್ಕೆ ತಿರುಗಿತು. "ನಂಗೇನಮ್ಮ ಗೊತ್ತು? ಸಿಪ್ಪೆ ಸಮೇತ ಅಕ್ರೋಟೋ, ಸುಲಿದಿದ್ದೋ, ಅದೂ ಗೊತ್ತಿಲ್ಲ."

"ನಿಮ್ಮದೇ ಅಲ್ವಾ..."

"ನಂದಲ್ಲ ಕಣಮ್ಮ!" ಎಂದು ಅವರು ಪೆನ್ಸಿಲನ್ನು ಮೇಜಿನ ಮೇಲೆ ಕುಕ್ಕಿದರು. "ಹತ್ತೊಂಬತ್ತು ವರ್ಷ ಆಯ್ತು ನಾನು ಆಲ್ವಿನ್‌ನ ಕಟ್ಕೊಂಡು. ಅವತ್ತಿಂದ ಯಾರ ಮನೇಲಿ ಸಾವಾದ್ರೂ ಹುಟ್ಟಾದ್ರೂ 'ನಿಮ್ಮ ಪೈ ತನ್ನಿ, ನಿಮ್ಮ ಪೈ ತನ್ನಿ'. ನಾನೂ ಏನೋ ಒಂದು ಅಂದಾಜಲ್ಲಿ ಮಾಡ್ಕೊಂಡು ಹೋಗ್ತೀನಿ. ಅದು ಮೊದಲನೇ ಹೆಂಡ್ತಿದು! ನಂಗೆ ರೂಬಾರ್ಬ್ ಕಂಡ್ರೇ ಆಗಲ್ಲ. ನಂದು ಅಂದ್ರೆ ಇಪ್ಪತ್ತೇಳನೇ ಪುಟದ ಹಸಿರು ಜೆಲ್ಲಿ. ಅದನ್ನ ಯಾರೂ ಕೇಳಲ್ಲ."

"ಅದನ್ನ ಯಾಕೆ ಕೇಳಲ್ಲ ಅಂತ ನಂಗೊತ್ತು," ಎಂದರು ಮಿಸೆಸ್ ಯೋರ್ಡೆ, ಒಲೆಯ ಕಡೆಯಿಂದ. "ಕ್ಯಾರೆಟ್ ತುರಿ ಹಾಕ್ತೀಯ ನೋಡು, ಅದಕ್ಕೆ."

"ಸುಮ್ನಿರಿ ನೀವು! ಇಷ್ಟೇ ಅಲ್ಲ. ಮೇಲೆ ಪಿಯಾನೊ ಇದೆಯಲ್ಲ, ಅದರ ಮೇಲೆ ಹಿತ್ತಾಳೆ ಫಲಕ, 'ಮಿಸೆಸ್ ಆಲ್ವಿನ್ ರುಡೀನ್ ಅವರ ಸವಿನೆನಪಿಗೆ' ಅಂತ. ಪ್ರತಿ ಭಾನುವಾರ ನನ್ನ ನೆನಪಿಗೆ ಇಟ್ಟಿರೋ ಪಿಯಾನೊನ ನಾನೇ ಕೂತ್ಕೊಂಡು ಕೇಳ್ತೀನಿ, ಗುಂಡುಕಲ್ಲಿನ ಹಾಗೆ ಬದುಕಿರುವಾಗ!"

ಮಿಸೆಸ್ ಯೋರ್ಡೆ ನಕ್ಕ ನಗೆಗೆ ಕೈಯಲ್ಲಿದ್ದ ಸೌಟಿನಿಂದ ಕಾಫಿ ಚೆಲ್ಲಿತು. ಮಿಸೆಸ್ ಹೋವ್ಲ್ಯಾಂಡ್ ನಗದಿರಲು ತುಟಿ ಕಚ್ಚಿಕೊಂಡು ಸೋತರು.

ನಗು ನಿಂತ ಮೇಲೆ ಅವರೇ ಕೇಳಿದರು: "ಹೌದು, ಆ ಮೊದಲನೆಯವಳ ಹೆಸರೇನಿತ್ತೇ?"

ಯಾರಿಗೂ ತಟ್ಟನೆ ನೆನಪಾಗಲಿಲ್ಲ. ಆಕೆ ತೀರಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಆಕೆಯ ಪೈ ಎಲ್ಲರಿಗೂ ಗೊತ್ತು, ಪಿಯಾನೊ ಎಲ್ಲರಿಗೂ ಗೊತ್ತು.

"ಸಿಗ್ನೆ," ಎಂದರು ಮಿಸೆಸ್ ಯೋರ್ಡೆ, ಚೆಲ್ಲಿದ ಕಾಫಿ ಒರೆಸುತ್ತ. "ಎಡಗೈಯವಳು. ಹಿಟ್ಟು ಲಟ್ಟಿಸೋವಾಗ ಪಕ್ಕದಲ್ಲಿ ನಿಂತೋರಿಗೆ ಮೊಣಕೈಯಿಂದ ತಿವಿಯೋಳು. ಸಿಪ್ಪೆ ಸಮೇತ ಅಕ್ರೋಟು ಕಣೇ. ಬೆಣ್ಣೆಗೆ ಕೈ ಬಿಗಿ ಹಿಡಿಯೋಳಲ್ಲ ಅವಳು."

"ಹಾಗಾದ್ರೆ ಅದರ ಕೆಳಗೆ ಸಿಗ್ನೆ ರುಡೀನ್ ಅಂತ ಹಾಕಮ್ಮ," ಎಂದು ನನ್ನತ್ತ ತಿರುಗಿದರು ಎದುರಿನ ಮಿಸೆಸ್ ರುಡೀನ್. "ಜೆಲ್ಲಿ ಕೆಳಗೆ ನನ್ನ ಹೆಸರು, ಓಪಲ್ ರುಡೀನ್. ಅವರವರದ್ದು ಅವರವರಿಗೆ."

"ಒಬ್ಬರಿಗೆ ಹಾಗೆ, ಮಿಕ್ಕೋರಿಗೆ ಹೀಗೆ ಮಾಡೋಕಾಗುತ್ತಾ?" ಅಧ್ಯಕ್ಷೆ ನೆಟ್ಟಗೆ ಕುಳಿತರು. "ಮಾಡಿದ್ರೆ ಎಲ್ರದ್ದೂ ಮಾಡ್ಬೇಕು. ಪಾಪ, ಈ ಹುಡುಗಿ ಮೂವತ್ತೆಂಟು ಪುಟ ಮತ್ತೆ ಹೊಡೀಬೇಕಾ?"

"ಹೊಡೀತೀನಿ," ಎಂದೆ. ಅಷ್ಟು ಬೇಗ ನಾನು ಜನ್ಮದಲ್ಲಿ ಯಾವುದಕ್ಕೂ ಉತ್ತರ ಕೊಟ್ಟವಳಲ್ಲ. ಮೂವರೂ ನನ್ನತ್ತ ನೋಡಿದರು. ನಾನು ಟೈಪ್‌ರೈಟರಿನ ಹಿಂದೆ ತಲೆ ತಗ್ಗಿಸಿದೆ.

"ಇಪ್ಪತ್ತೊಂಬತ್ತು ವರ್ಷದಿಂದ ನಾನು ಮಿಸೆಸ್ ಮಿಲ್ಟನ್," ಎಂದರು ಮಿಸೆಸ್ ಹೋವ್ಲ್ಯಾಂಡ್. "ಅದರಿಂದ ನಂಗೇನೂ ಕಡಿಮೆ ಆಗಿಲ್ಲಪ್ಪ."

"ಕಡಿಮೆ ಆಗಿಲ್ಲ ಕಣೇ," ಎಂದರು ಮಿಸೆಸ್ ಯೋರ್ಡೆ, ಅವರ ಮುಂದೆ ಲೋಟ ಇಡುತ್ತ. "ನಾಳೆ ನೀನು ಹೋದ್ಮೇಲೆ ಮಿಲ್ಟನ್ ಇನ್ನೊಬ್ಬಳನ್ನ ಕಟ್ಕೊಂಡ್ರೆ ನಿನ್ನ ಮಾಂಸದುಂಡೆ ಅವಳ ಹೆಸರಿಗೆ ಹೋಗುತ್ತೆ, ಅಷ್ಟೇ."

ಆ ಮಾಂಸದುಂಡೆಗೆ ಜಿಲ್ಲೆಯ ಜಾತ್ರೆಯಲ್ಲಿ ಮೂರು ಸಲ ಮೊದಲ ಬಹುಮಾನದ ನೀಲಿ ರಿಬ್ಬನ್ ಬಂದಿತ್ತು. ಮಿಸೆಸ್ ಹೋವ್ಲ್ಯಾಂಡ್ ಒಂದು ಗುಟುಕು ಕಾಫಿ ಕುಡಿದರು. ಇನ್ನೊಂದು ಕುಡಿದರು.

"ಬರ್ಕೋ," ಎಂದರು ನನಗೆ. "ಆರ್ಡಿಸ್ ಹೋವ್ಲ್ಯಾಂಡ್."

ಆ ಹೆಸರನ್ನು ಕೇಳಿದ್ದೆ, ಎಲ್ಲೂ ಬರೆದದ್ದನ್ನು ಕಂಡಿರಲಿಲ್ಲ. "ಕೊನೇಲಿ ಎಸ್ ಒಂದಾ, ಎರಡಾ?"

"ಒಂದೇ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಎಷ್ಟು ವರ್ಷ ಆಗಿತ್ತು, ಯಾರಾದ್ರೂ ಇದನ್ನ ಕೇಳಿ."

ಆಮೇಲೆ ತಡವಾಗಲಿಲ್ಲ. ಮಿಸೆಸ್ ಯೋರ್ಡೆ 'ಬೋರ್ಗಿಲ್ಡ್' ಎಂದು ಅಕ್ಷರ ಅಕ್ಷರವಾಗಿ ಬರೆಸಿ, "ದಪ್ಪಕ್ಷರದಲ್ಲಿ ಹಾಕು, ನಂಗೆ ಕಣ್ಣು ಮಂಜು" ಎಂದರು. ಪುಸ್ತಕದ ಅರವತ್ತು ಹೆಂಗಸರ ಹೆಸರುಗಳನ್ನೂ ಅವರೇ ಒಂದೊಂದಾಗಿ ನೆನಪಿಸಿ ಹೇಳಿದರು. ಬರೆದುಕೊಳ್ಳುತ್ತ ಹೋದೆ. ಊರಿನ ಗಂಡಸರೆಲ್ಲ ಏಪ್ರನ್ ಬಿಚ್ಚಿಟ್ಟು ಮನೆಗೆ ಹೋದಂತಾಯಿತು.

ಅಷ್ಟರಲ್ಲಿ ನನ್ನನ್ನು ಕರೆದೊಯ್ಯಲು ಡ್ವೇನ್ ಮೆಟ್ಟಿಲಿಳಿದು ಬಂದ. ಬೂಟಿನ ಕೆಸರು ಒರೆಸಿಕೊಂಡು, ತಟ್ಟೆಯಿಂದ ಒಂದು ಬಿಸ್ಕತ್ತು ಎತ್ತಿಕೊಂಡು ಗೋಡೆಗೆ ಒರಗಿ ನಿಂತ.

"ಮೂವತ್ತೊಂಬತ್ತನೇ ಪುಟ ಒಂದು ಉಳೀತು," ಎಂದರು ಅವನ ತಾಯಿ. ಈಗ ಅವರಿಗೆ ಹುಮ್ಮಸ್ಸು ಬಂದಿತ್ತು. "ಉಪ್ಪಿನಕಾಯಿ. ನಿಂದು ಕೋರಿನ್ ಹೋವ್ಲ್ಯಾಂಡ್. ಮಿಸೆಸ್ಸೂ ಬೇಡ, ಡ್ವೇನೂ ಬೇಡ. ಸರಿಯಾಯ್ತಲ್ಲ? ಖುಷಿನಾ?"

ಎಲ್ಲರ ಮುಖದಲ್ಲೂ ನಗುವಿತ್ತು. ಒಂದು ಸಲ ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಪೆನ್ನನ್ನು ಹಾಳೆಗೆ ಹಚ್ಚಿದೆ. 'ಕೋರಿನ್' ಬರೆದೆ. ಅಲ್ಲಿಗೆ ಬೆರಳು ಮತ್ತೆ ನಿಂತಿತು.

"ಇದೇನು, ಎಲ್ರೂ ಸುಮ್ನಾಗ್ಬಿಟ್ರಿ?" ಎಂದ ಡ್ವೇನ್. "ಕಾಫಿ ಖಾಲಿನಾ?"

ಅವನ ಮೀಸೆಗೆ ಬಿಸ್ಕತ್ತಿನ ಪುಡಿ ಅಂಟಿತ್ತು. ಆ ಮುಖವನ್ನು ನೋಡಿದ ಮೇಲೆ ನನಗೆ ಧೈರ್ಯ ಬಂತು. ಅವನನ್ನೂ ಅವನ ತಾಯಿಯನ್ನೂ ನೋಡುತ್ತ, ಒಲೆಯ ಹತ್ತಿರದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಕೋರಿನ್ ಬ್ರಾಟ್ಲಿ. ಈಗ್ಲೂ ಅದೇ, ಮದುವೆ ಆದ್ಮೇಲೂ ಅದೇ."