ದಬ್ಬೆ ಕಟ್ಟಿದ ಬಾಲ

ಬಾಲ ಹೋದರೆ, ತಾನು ಮನೆಗೆ ಬಂದದ್ದು ಇನ್ನು ಯಾರಿಗೆ ತಿಳಿಯುತ್ತದೆ?

ಮಡಿಲಲ್ಲಿ ನಾಯಿ ನೋವಿಗೆ ಮುಲುಗುತ್ತಿರುವಾಗ ಅವಳಿಗೆ ಮೊದಲು ಹೊಳೆದದ್ದು ಈ ಚಿಂತೆ. ಇಷ್ಟು ಸಣ್ಣ ಮನಸ್ಸೇ ನನ್ನದು ಎಂದು ತನ್ನೊಳಗೇ ಒಪ್ಪಿಕೊಂಡಳು. ಒಪ್ಪಿಕೊಂಡರೂ ಅದು ಬಿಟ್ಟು ಹೋಗಲಿಲ್ಲ. ಅವಳು ಒಳಗೆ ಬಂದರೆ ಅಪ್ಪ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತುತ್ತಿರಲಿಲ್ಲ. ಅಣ್ಣ ಎತ್ತಿದರೆ ಗೇಲಿಗೆ. ಆ ಮನೆಯಲ್ಲಿ ಅವಳನ್ನು ಕಂಡು ಅಲ್ಲಾಡುತ್ತಿದ್ದದ್ದು ಒಂದೇ, ಈ ನಾಯಿ ಗುಂಡಿಯ ಬಾಲ.

ಮುಂದೆ ಟೈಲರ್ ಅಂಗಡಿ, ಹಿಂದೆ ಮನೆ. ಅಪ್ಪ ಹೊಲಿಯುತ್ತಿದ್ದ, ಅಣ್ಣ ಬಟ್ಟೆ ಕತ್ತರಿಸುತ್ತಿದ್ದ, ಡಿಗ್ರಿ ಮುಗಿಸಿದ ಇವಳು ಮೂಲೆಯಲ್ಲಿ ಕೂತು ಕಾಜಾ ತೂತು ಹೊಲಿದು ಗುಂಡಿ ಹಚ್ಚುತ್ತಿದ್ದಳು. ಪದವಿ ಬಂತು, ಬಾಯಿಗೆ ಪದ ಮಾತ್ರ ಬರಲಿಲ್ಲ ಎಂದು ಅಣ್ಣ ಗಿರಾಕಿಗಳ ಮುಂದೆ ಹೇಳುತ್ತಿದ್ದ. ಚಿಕ್ಕಂದಿನಲ್ಲಿ ಅವನ ಬೆನ್ನ ಹಿಂದೆಯೇ ಸುತ್ತುತ್ತಿದ್ದವಳಿಗೆ ಅವನೇ ಇಟ್ಟ ಹೆಸರು ಬಾಲಂಗೋಚಿ. ನಾಯಿಗೆ ಹೆಸರು ತಾನಾಗಿಯೇ ಬಂದಿತ್ತು. ಮರಿಯಾಗಿದ್ದಾಗ ಡಬ್ಬಿಯಿಂದ ಬಿದ್ದ ಕೋಟಿನ ಗುಂಡಿಯೊಂದನ್ನು ನುಂಗಿ, ಮಾರನೇ ದಿನ ಅಪ್ಪನ ಚಪ್ಪಲಿಯ ಪಕ್ಕದಲ್ಲೇ ಅದನ್ನು ಹಿಂದಿರುಗಿಸಿತ್ತು.

ಕೆಲವು ವಾರಗಳ ಕೆಳಗೆ, ಅಂಗಿ ಹಾಕಿ ನೋಡಲು ಬಂದ ಗಿರಾಕಿಯೊಬ್ಬ ಗುಂಡಿಯ ಸುರುಳಿ ಬಾಲ ನೋಡಿ ನಕ್ಕ.

"ನಾಯಿ ಬಾಲ ಯಾವತ್ತಿದ್ರೂ ಡೊಂಕೇ ಬಿಡಪ್ಪಾ."

"ನನ್ನ ಕೈಗೆ ಸಿಕ್ಕಿದ್ದು ಯಾವುದೂ ಡೊಂಕಾಗಿ ಉಳಿದಿಲ್ಲ," ಎಂದ ಅಣ್ಣ. "ದಬ್ಬೆ ಕಟ್ಟಿ ತೋರಿಸ್ತೀನಿ, ತಡಿ."

ಕಾಲರ್ ಬಗ್ಗದ ಹಾಗೆ ಒಳಗಿಡುವ ಪ್ಲಾಸ್ಟಿಕ್ ಪಟ್ಟಿಗಳನ್ನು ಬಾಲದ ಎರಡು ಬದಿಗೂ ಇಟ್ಟು, ದಾರದಂಥ ಎಲಾಸ್ಟಿಕ್ಕಿನಿಂದ ಬುಡದವರೆಗೂ ಬಿಗಿದ. ಬಾಲ ಕಂಬದ ಹಾಗೆ ನಿಂತಿತು. ಗುಂಡಿ ಅದನ್ನು ಹಿಡಿಯಲು ತಿರುಗಿ ತಿರುಗಿ ಬಿತ್ತು. "ನೋಡ್ರೋ, ಗುಂಡಿ ಕಾಜಾ ಹುಡುಕ್ತಾ ಇದೆ!" ಎಂದು ಅಣ್ಣ ಕೂಗಿದಾಗ ಇಡೀ ಅಂಗಡಿ ನಕ್ಕಿತು. ಅಪ್ಪ ಮೆಷಿನ್ ನಿಲ್ಲಿಸಿ ನಕ್ಕ. ಅವಳೂ ಹಲ್ಲು ಕಾಣದ ಹಾಗೆ ನಕ್ಕಳು. ಸಂಜೆ ಅಣ್ಣ ಪಟ್ಟಿಗಳನ್ನು ಎಳೆದು ಬಿಸಾಡಿದ. ಬಾಲ ಮತ್ತೆ ಸುರುಳಿಯಾಯಿತು, ಗಾದೆ ಗೆದ್ದಿತು, ಎಲ್ಲರೂ ಮರೆತರು.

ಬುಡದಲ್ಲಿ ಒಂದು ಸುತ್ತು ಎಲಾಸ್ಟಿಕ್ ಉಳಿದಿತ್ತು. ದಟ್ಟ ಕೂದಲ ಒಳಗೆ ಅದು ತನ್ನ ಪಾಡಿಗೆ ಬಿಗಿಯುತ್ತಲೇ ಇತ್ತು. ಮೊದಲು ಬಾಲ ಜೋತುಬಿತ್ತು, ಆಮೇಲೆ ನಾತ. ಈ ಬೆಳಿಗ್ಗೆ ಕೀವು ಒರೆಸುವಾಗ ಅವಳ ಬೆರಳು ಮಾಂಸದೊಳಗಿನ ಆ ಗೆರೆಗೆ ತಗುಲಿತು. ತಲೆ ಎತ್ತಿದರೆ ಬಾಗಿಲಲ್ಲಿ ಅಣ್ಣ.

"ಡಾಕ್ಟ್ರ ಮುಂದೆ ಬಾಲ ಬಿಚ್ಚಬೇಡ," ಎಂದ ಅವನು, ಮೆಲ್ಲಗೆ. "ಬೀದಿನಾಯಿ ಕಚ್ಚಿದ್ದು. ತಿಳೀತಾ?"

ಅವಳು ತಲೆಯಾಡಿಸಿದಳು. ತಲೆಯಾಡಿಸುವುದು ಅವಳಿಗೆ ಉಸಿರಾಟದಷ್ಟೇ ಸಲೀಸು.

ಆಸ್ಪತ್ರೆಯ ಉಕ್ಕಿನ ಮೇಜಿನ ಮೇಲೆ ಗುಂಡಿ ನಡುಗುತ್ತ ನಿಂತಿತು. ಡಾಕ್ಟರಮ್ಮ ಬಾಲವನ್ನು ಎರಡು ಬೆರಳಲ್ಲಿ ಎತ್ತಿದರು. ಅದು ಒದ್ದೆ ಬಟ್ಟೆಯ ಹಾಗೆ ನೇತಾಡಿತು.

"ಬಾಲ ಸತ್ತಿದೆ. ಕೊಳೆತ ಮೇಲಕ್ಕೆ ಏರ್ತಾ ಇದೆ. ಇವತ್ತೇ ತೆಗೆದ್ರೆ ನಾಯಿ ಉಳಿಯುತ್ತೆ, ಬಿಟ್ರೆ ಇಲ್ಲ. ಯಾರ ನಾಯಿ ಇದು?"

ಅಪ್ಪ ಅಣ್ಣನ ಮುಖ ನೋಡಿದ, ಅವಳು ಗುಂಡಿಯ ಬೆನ್ನು ಸವರಿದಳು.

"ಬೀದಿನಾಯಿ ಕಚ್ಚಿತು ಡಾಕ್ಟ್ರೇ," ಎಂದ ಅಣ್ಣ.

"ಹಲ್ಲಿನ ಗುರುತೇ ಇಲ್ವಲ್ಲ? ಕೂದಲು ಬೋಳಿಸಿ ನೋಡ್ತೀನಿ."

"ಅಯ್ಯೋ, ಬೋಳಿಸೋದೆಲ್ಲ ಯಾಕೆ? ಬಾಲ ಇಲ್ಲದ ನಾಯಿ ಇಟ್ಕೊಂಡು ಏನ್ ಮಾಡೋಣ, ನೋಡಿದವರು ಹಂದಿಮರಿ ಅಂತಾರೆ. ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಿ, ಪಾಪ."

"ಅದೇ ಸರಿ ಅನ್ಸುತ್ತೆ," ಎಂದ ಅಪ್ಪ, ತೋಳಿಗೆ ಅಂಟಿದ್ದ ದಾರದ ತುಂಡನ್ನು ಕೀಳುತ್ತ. ಅಂಗಡಿಯ ಕತ್ತರಿ ಈಗ ಮಗನ ಕೈಯಲ್ಲಿತ್ತು. ಮಗ ಮುನಿಸಿಕೊಂಡರೆ ಬಟ್ಟೆ ಕತ್ತರಿಸುವವರು ಬೇರೆ ಇರಲಿಲ್ಲ.

"ನೀವೇನಂತೀರಮ್ಮ?"

"ಅವಳೇನಂತಾಳೆ? ನಮ್ಮ ಬಾಲಂಗೋಚಿ ಅವಳು. ಗಾಳಿ ಬೀಸಿದ ಕಡೆಗೆ."

ಡಾಕ್ಟರಮ್ಮ ಉತ್ತರಕ್ಕೆ ಕಾಯದೆ ಕೂದಲು ಬೋಳಿಸುವ ಮೆಷಿನ್ ಹಿಡಿದರು. ಕೂದಲು ಉದುರಿತು. ಬುಡದಲ್ಲಿ, ಊದಿದ ಮಾಂಸದ ಬಿರುಕಿನಲ್ಲಿ, ಕಪ್ಪು ಎಲಾಸ್ಟಿಕ್ ಕಾಣಿಸಿತು.

"ಇದು ಕಚ್ಚಿದ್ದಲ್ಲ," ಎಂದರು ಅವರು. "ಕಟ್ಟಿದ್ದು."

ಅಣ್ಣ ಕಣ್ಣು ಮಿಟುಕಿಸಲಿಲ್ಲ. "ಇವಳೇ! ಇಷ್ಟೆತ್ತರ ಬೆಳೆದ್ರೂ ಇನ್ನೂ ಗೊಂಬೆ ಆಟ. ಸಿಂಗಾರ ಮಾಡ್ತೀನಿ ಅಂತ ಕಟ್ಟಿರ್ತಾಳೆ. ಏನೇ? ಹೌದು ಅನ್ನು."

ಅವಳು ಅಪ್ಪನ ಮುಖ ನೋಡಿದಳು. ಅವತ್ತು ಮೆಷಿನ್ ನಿಲ್ಲಿಸಿ ನಕ್ಕ ಮುಖ ಅದು.

"ಹೋಗ್ಲಿ ಬಿಡು ಮಗಳೇ, ಒಪ್ಕೊಂಡುಬಿಡು," ಎಂದ ಅಪ್ಪ. "ನಿಂಗೇನು ಯಾರೂ ಬೈಯೋದಿಲ್ಲ."

ಡಾಕ್ಟರಮ್ಮನ ನೋಟ ಅವಳ ಮೇಲೆ ತಣ್ಣಗೆ ನಿಂತಿತು. "ಕಟ್ಟಿದವರ ಮಾತಿಗೆ ನನ್ನ ಮೇಜಿನ ಮೇಲೆ ಬೆಲೆ ಇಲ್ಲ. ನೀವು ಕಟ್ಟಿದ್ರೆ ಆ ಕಡೆ ನಿಂತ್ಕೊಳ್ಳಿ. ಉಳಿದವರು ಹೇಳ್ಲಿ, ಬಾಲ ತೆಗೀಲಾ, ನಾಯೀನೇ ಮಲಗಿಸ್ಲಾ."

ಒಂದು ಸಲ ತಲೆಯಾಡಿಸಿದರೆ ಮುಗಿಯಿತು. ಮನೆ ಶಾಂತ, ಅಂಗಡಿ ಶಾಂತ, ಗುಂಡಿಯೂ ಶಾಂತ.

ಅಣ್ಣನಿಗೆ ಆಗಲೇ ಗೆದ್ದ ಧೈರ್ಯ. ಗುಂಡಿಯ ಕಡೆ ಬೆರಳು ಚಾಚಿ "ಏನೋ ಕಳ್ಳಾ," ಎಂದ. ಆ ದನಿ ಕೇಳಿದ್ದೇ ತಡ, ನಾಯಿಯ ಹಿಂಭಾಗವೆಲ್ಲ ಅಲ್ಲಾಡತೊಡಗಿತು. ಬಾಲಕ್ಕೆ ಜೀವವಿರಲಿಲ್ಲ, ಸೊಂಟವೇ ಎಡಕ್ಕೂ ಬಲಕ್ಕೂ ಓಲಾಡಿ, ಸತ್ತ ಬಾಲ ಅದರ ಹಿಂದೆ ಜೋಲುತ್ತ ಉಕ್ಕಿಗೆ ಬಡಿಯಿತು. ಬಡಿದಾಗ ನೋವಿಗೆ ಕುಂಯ್ ಎಂದಿತು, ಎನ್ನುತ್ತಲೇ ತನ್ನನ್ನು ಕಟ್ಟಿದ ಬೆರಳನ್ನು ನೆಕ್ಕಿತು.

ಬೆಳಗಿನಿಂದ ಕೊರೆಯುತ್ತಿದ್ದ ಚಿಂತೆಗೆ ಅವಳಿಗೆ ಉತ್ತರ ಸಿಕ್ಕಿತು. ಅಲ್ಲಾಡುವುದಕ್ಕೆ ಬಾಲವೇ ಬೇಕಾಗಿರಲಿಲ್ಲ. ಅಲ್ಲಾಡುವುದು ಅವಳೊಬ್ಬಳಿಗೇ ಮೀಸಲೂ ಆಗಿರಲಿಲ್ಲ.

ಅವಳ ಕತ್ತು ಅಭ್ಯಾಸಬಲದಿಂದ ಆಗಲೇ ಅರ್ಧ ಬಗ್ಗಿತ್ತು. ಬಗ್ಗಿದಲ್ಲೇ ನಿಂತಿತು.

"ಎಷ್ಟು ಹೊತ್ತೇ? ಹೌದು ಅನ್ನು, ಹೋಗೋಣ," ಎಂದ ಅಣ್ಣ.

ಮಾತು ಹೊರಬಂದಾಗ ಅದು ತನ್ನದೇ ದನಿ ಎಂದು ಅವಳಿಗೇ ಗುರುತು ಸಿಗಲಿಲ್ಲ.

"ನಾಯಿ ನಂದು, ಕಟ್ಟಿದ್ದು ಅಣ್ಣ, ಬಾಲ ತೆಗೀರಿ."